ಹನ್ನೊಂದು ಮೊಳೆ

ಗ್ಯುಮ್ರಿಯ ಈ ತಗಡಿನ ಅಂಗಡಿಯಲ್ಲಿ
ಮೂವತ್ತು ವರ್ಷದಿಂದ ನನ್ನ ಬಾಯಿಯೇ ಮೊಳೆಯ ಡಬ್ಬಿ.
ಒಂದು ಸಲಕ್ಕೆ ಹನ್ನೊಂದು, ಎಡ ದವಡೆಗೆ ಒತ್ತಿಕೊಂಡು.
ನಾಲಗೆ ಒಂದೊಂದನ್ನೇ ಮುಂದಕ್ಕೆ ತಳ್ಳುತ್ತದೆ,
ಬೆರಳು ಹೆಕ್ಕುತ್ತದೆ, ಸುತ್ತಿಗೆ ಬೀಳುತ್ತದೆ.
ಗಿರಾಕಿಗಳಿಗೆ ಗೊತ್ತು:
ಹ್ರಾಚಿಕ್‌ನ ಹತ್ತಿರ ಚೌಕಾಸಿ ಮಾಡಬೇಕಾದರೆ
ಹಿಮ್ಮಡಿ ಮುಗಿಯುವ ತನಕ ಕಾಯಬೇಕು.

ಹಾಗಾಗಿ ಮೊಮ್ಮಗ ತಾಥುಲ್
ನೆಲದಿಂದ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಂಡಾಗ
ಬೇಡ ಎನ್ನಲೂ ಆಗದೆ
ಮೂಗಿನಲ್ಲೇ ಗುಂಯ್‌ಗುಟ್ಟುತ್ತ ಎದ್ದೋಡುತ್ತಿದ್ದೆ.
ಅವನ ಗಲ್ಲದ ಕೆಳಗೆ ಅಂಗೈ ಚಾಚಿ ನಿಲ್ಲುತ್ತಿದ್ದೆ, ಅಷ್ಟೇ.
ಅವನು ನನ್ನ ತುಟಿಯನ್ನೇ ನೋಡುತ್ತಿದ್ದ.
ನೋಡದೆ ಏನು.

ಎರಡು ವರ್ಷದಲ್ಲಿ ಈ ಅಂಗೈಗೆ ಬಿದ್ದದ್ದು:
ಕೋಟಿನ ಗುಂಡಿ, ಏಪ್ರಿಕಾಟಿನ ಓಟೆ,
ಬಸ್ ಚೀಟಿಯ ಬೆಚ್ಚಗಿನ ಮುದ್ದೆ,
ಒಂದು ಕರೀ ಕಲ್ಲಿನ ಚೂರು.
ಬಿದ್ದ ಮನೆಯದೋ, ಕಟ್ಟುತ್ತಿರುವ ಮನೆಯದೋ,
ಈ ಊರಿನಲ್ಲಿ ಹೇಳಲು ಬರುವುದಿಲ್ಲ.
ಮತ್ತೆ ವರಾಜ್ದಾತನ ಚದುರಂಗದ ಬಿಳಿಯ ಕಾಲಾಳು,
ತಲೆಯ ಮೇಲೆ ಎರಡು ಹಲ್ಲಿನ ಕುಳಿ.

ಮೊದಲ ಹಲ್ಲು ಮೂಡಿದಾಗ
ತಲೆಗೆ ಬಟ್ಟೆ ಹೊದಿಸಿ ಬೇಯಿಸಿದ ಗೋಧಿ ಸುರಿದು
ಬಾಚಣಿಗೆ, ಪುಸ್ತಕ, ಕತ್ತರಿ, ನನ್ನ ಸುತ್ತಿಗೆ
ಎಲ್ಲ ಸಾಲಾಗಿ ಇಟ್ಟಿದ್ದೆವು.
ಯಾವುದನ್ನು ಹಿಡಿಯುತ್ತದೋ ಮಗು, ಅದೇ ಅದರ ಕಸುಬು.
ಅವನು ಆ ತುದಿಯಿಂದ ಈ ತುದಿಯವರೆಗೆ ನೆಕ್ಕಿಕೊಂಡು ಬಂದ.
ಸೊಸೆ ಶುಶಾನಿಕ್ ನಕ್ಕು ನಕ್ಕು ಗೋಧಿಯ ಮೇಲೆಯೇ ಕೂತಳು.

ನಾಲಗೆಯೇ ಸದ್ಯಕ್ಕೆ ಅವನ ಕಣ್ಣು,
ಮೂರು ತುಂಬುವಷ್ಟರಲ್ಲಿ ತಾನಾಗಿ ಬಿಡುತ್ತಾನೆ
ಎಂದಿದ್ದರು ಡಾಕ್ಟರ್ ಕ್ನಾರಿಕ್.
ಬಿಟ್ಟ. ಯಾವತ್ತು ಎಂದು ಯಾರೂ ಬರೆದಿಡಲಿಲ್ಲ.
ಮೊದಲ ಹೆಜ್ಜೆಗೆ ತಾರೀಖಿದೆ, ಮೊದಲ ಹಲ್ಲಿಗೆ ಇದೆ,
ಕೊನೆಯ ಕಲ್ಲಿಗೆ ಇಲ್ಲ.

ಮೊನ್ನೆ ಬುಧವಾರ,
ಹಿಮ ಕರಗಿ ಊರಿನ ಬೂಟುಗಳೆಲ್ಲ ಬಾಯ್ಬಿಟ್ಟ ಹೊತ್ತು,
ತಾಥುಲ್ ನೆಲದಿಂದ ಒಂದು ಮೊಳೆ ಎತ್ತಿದ.
ನನ್ನ ಸುತ್ತಿಗೆ ನಿಂತಿತು.
ಅವನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದ,
ತಿರುಗಿಸಿದ, ತಲೆಕೆಳಗು ಮಾಡಿದ.
‘ತಾತ, ಇದಕ್ಕೆ ಒಂದೇ ಕಾಲು ಯಾಕೆ?’

ನಾನು ಗುಂಯ್ ಎಂದೆ.

ಅವನು ಸ್ಟೂಲು ಎಳೆದುಕೊಂಡು ಬಂದು ಹತ್ತಿ
ನನ್ನ ಗಲ್ಲದ ಕೆಳಗೆ ಅಂಗೈ ಚಾಚಿದ.
‘ಉಗಿ.’

ಕಾಲುಚೀಲದಲ್ಲಿ ಒಂಟಿಗಾಲಿನಲ್ಲಿ ನಿಂತಿದ್ದ ಗಿರಾಕಿ ಹೆಂಗಸು
ಬೇರೆ ಕಡೆ ಮುಖ ತಿರುಗಿಸಿದಳು.
ಉಗಿದೆ. ಒಂದು. ಎರಡು.
ಅವನ ಎಣಿಕೆಯಲ್ಲಿ ಐದಾದ ಮೇಲೆ ಒಂಬತ್ತು.
ಕೊನೆಯದು ಒಸಡಿಗೆ ಸಿಕ್ಕಿಕೊಂಡು ತಡವಾಯಿತು,
ಅವನು ಕಾದ.
ಆಮೇಲೆ ಅವರಮ್ಮನ ದನಿಯಲ್ಲೇ ಹೇಳಿದ: ‘ಥೂ, ಕೊಳಕು.’

ಈಗ ಮೊಳೆಗಳು ಪಾಲಿಷ್ ಡಬ್ಬಿಯ ಮುಚ್ಚಳದಲ್ಲಿವೆ.
ಬೆರಳು ಅಭ್ಯಾಸಬಲದಿಂದ ತುಟಿಯವರೆಗೆ ಬಂದು
ಬರಿಗೈಯಲ್ಲಿ ವಾಪಸಾಗುತ್ತದೆ.
ಬಾಯಿ ಖಾಲಿಯಾಗಿದೆ, ಮಾತಾಡಬಹುದು.
ಆದರೆ ಕಬ್ಬಿಣ ಒಂದು ಅನುಕೂಲವೂ ಆಗಿತ್ತು:
ಭೂಮಿ ನಡುಗಿದ ಆ ಚಳಿಗಾಲದ ಬಗ್ಗೆ,
ನಮ್ಮ ಮನೆಯಲ್ಲಿ ಎಷ್ಟು ಜನ ಇದ್ದರೆಂದು
ಯಾರಾದರೂ ಕೇಳಿದರೆ
ಬಾಯಿ ತೋರಿಸಿದರೆ ಸಾಕಿತ್ತು.
ತಾಥುಲ್ ಕೇಳುತ್ತಾನೆ. ದಿನಾ ಏನಾದರೂ ಕೇಳುತ್ತಾನೆ.
ಮೊಳೆಗೆ ಒಂದೇ ಕಾಲು ಯಾಕೆಂದು
ಇನ್ನೂ ಯೋಚಿಸುತ್ತಿದ್ದೇನೆ.

ಸಂಜೆ ವರಾಜ್ದಾತ್ ಹಲಗೆ ಬಿಚ್ಚಿ ಕೂತ.
ಉಪ್ಪುಕಾಗದ ತಂದಿದ್ದ, ಕಾಲಾಳಿನ ತಲೆ ಉಜ್ಜುತ್ತೇನೆಂದ.
ಕೊಡಲಿಲ್ಲ. ಬಿಳಿ ನನ್ನದು ಇವತ್ತು ಎಂದೆ.
ಹದಿನಾಲ್ಕನೇ ನಡೆಗೆ ಆ ಕಾಲಾಳೇ ಸತ್ತಿತು.
ಅವನ ಕುದುರೆಯ ಬಗ್ಗೆ ಯೋಚಿಸುತ್ತ ಯೋಚಿಸುತ್ತ
ಎಷ್ಟು ಹೊತ್ತು ಹಾಗಿದ್ದೆನೋ.
ಮರದ ರುಚಿ, ಹಳೆಯ ವಾರ್ನಿಷು,
ನಾಲಗೆಯ ತುದಿಗೆ ಎರಡು ಪುಟ್ಟ ಕುಳಿ.

ವರಾಜ್ದಾತ್ ಹಲಗೆಯಿಂದ ಕಣ್ಣು ಎತ್ತಲಿಲ್ಲ.
ಸುಮ್ಮನೆ ಅಂಗೈ ಚಾಚಿದ.